‘ಸಂದಿ’ ಶಬ್ದದ ಪೂರ್ವೋತ್ತರ

ಕನ್ನಡ ಶಾಲೆಯ ಮೆಟ್ಟಿಲನ್ನು ಹತ್ತಿದವರೆಲ್ಲರಿಗೂ ಸಂಧಿಪ್ರಕರಣದ ಪರಿಚಯವುಂಟು. ಲೋಪ, ಆಗಮ, ಆದೇಶಗಳೆಂಬ ಕನ್ನಡ ಸಂಧಿಗಳನ್ನೂ, ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಮೊದಲಾದ ಸಂಸ್ಕೃತ ಸಂಧಿಗಳನ್ನೂ ಉದಾಹರಣೆಸಹಿತವಾಗಿ ಒಪ್ಪಿಸುವ ಬಾಲಕನು, ಮನೆಗೆ ಬಂದೊಡನೆ ತನ್ನ ಲೇಖನಿಯ ಮುಚ್ಚಳವು ಹಲಗೆಗಳ ಸಂದಿಯಲ್ಲಿ ಬಿದ್ದುಹೋಯಿತೆಂದು ತಾಯಿಯೊಡನೆ ದೂರುತ್ತಾನೆ. ಶಾಲೆಯಲ್ಲಿ ಒಪ್ಪಿಸಿದ ಸಂಧಿಯೂ ಮನೆಯಲ್ಲಿ ದೂರಿದ ಸಂದಿಯೂ ಒಂದೇ ಮಾತೆಂಬುದು ಅವನಿಗೆ ಹೊಳೆಯುವುದಿಲ್ಲ. ಹೊಳೆಯುವಂತೆ ಹೇಳುವವರೂ ವಿರಳ. ಹೇಳಿದರೆ ಅವನು ಕೇಳಬಹುದಾದ ಪ್ರಶ್ನೆಯು ಅಷ್ಟೇನೂ ಸುಲಭವಾದುದಲ್ಲ. ಸಂಧಿಯೆಂದರೆ ಕೂಡುವಿಕೆ; ಸಂದಿಯೆಂದರೆ ಕೂಡದೆ ಉಳಿದ ಎಡೆ. ಕೂಡುವಿಕೆಗೂ ಬೇರ್ಪಡುವಿಕೆಗೂ ಒಂದೇ ಶಬ್ದವು ಹೇಗೆ ಸಲ್ಲುವುದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಅಕ್ಷರವರಿಯದ ಜನರು ಸಂಸ್ಕೃತ ಶಬ್ದವನ್ನು ಬಾಯಿಗೆ ಬಂದಂತೆ ನುಡಿದು, ಅರ್ಥವನ್ನೂ ಕೆಡಿಸಿದರೆಂಬುದು ಒಂದು. ಸಂದಿಯು ಅಚ್ಚಗನ್ನಡದ ಬೇರೊಂದು ಮಾತು, ಸಂಸ್ಕೃತದ ಸಂಧಿಗೂ ಅದಕ್ಕೂ ಇರುವುದು ಧ್ವನಿಸಾಮ್ಯ ಮಾತ್ರವೆಂಬುದು ಇನ್ನೊಂದು. ಶಬ್ದದ ಚರಿತ್ರೆಯನ್ನು ಸಾವಧಾನವಾಗಿ ಪರಾಮರ್ಶಿಸಿದರೆ ಇವೆರಡೂ ನಿಲ್ಲುವಂಥವಲ್ಲವೆಂದು ತಿಳಿದುಬರುವುದು.

ಮೊದಲು ರೂಪವನ್ನು ನೋಡೋಣ. ಸಂಸ್ಕೃತದ ಮಹಾಪ್ರಾಣಗಳು ತದ್ಭವಗಳಲ್ಲಿ ಅಲ್ಪಪ್ರಾಣಗಳಾಗುವುದು ಕನ್ನಡದ ನಿತ್ಯವ್ಯಾಪಾರ. 13ನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಪ್ರಕರಣವೆಂಬುದೊಂದನ್ನು ಪ್ರತ್ಯೇಕವಾಗಿ ರಚಿಸಿ, ಇಂಥ ಮಾರ್ಪಾಡುಗಳು ಮನಬಂದಂತೆ ಆಗತಕ್ಕವಲ್ಲ, ಕ್ರಮವನ್ನು ಅನುಸರಿಸತಕ್ಕವು ಎಂಬುದನ್ನು ತೋರಿಸಿಕೊಟ್ಟಿದ್ದಾನೆ. ವಿಧಿಯು ಬಿದಿಯಾದಂತೆಯೇ, ನಿಧಿಯು ನಿದಿಯಾದಂತೆಯೇ ಸಂಧಿಯು ಸಂದಿಯಾಯಿತು. ಕೊನೆಯ ಇಕಾರವು ಉಕಾರವಾಗಿ ಸಂದು ಎಂಬ ರೂಪವೂ ಬಳಕೆಗೆ ಬಂತು. ಸಂಧ್ಯಾ ಶಬ್ದವು ಪ್ರಾಕೃತದ ಹಾದಿಯನ್ನು ಹಿಡಿದು ಸಂಜೆಯಾಗಿರುವುದನ್ನು ನೆನೆದರೆ, ಹಗಲಿರುಳುಗಳ ಕೂಡುಗಾಲವಾದ ಸಂಜೆಯೂ ಗೋಡೆಯ ಸಂದಿಯೂ ಒಂದೇ ಮನೆತನದ ಹೆಣ್ಣುಮಕ್ಕಳೆಂದು ಹೇಳಬಹುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಸಂದ ಕಾಲ’, ‘ಸಲ್ಲಬೇಕಾದುದು ಸಂದಿತು’ ಮುಂತಾದೆಡೆಗಳಲ್ಲಿ ಕಾಣುವ ಸಂದ ಎಂಬುದು ಸಲ್ ಎಂಬ ಕನ್ನಡ ಧಾತುವಿನ ಭೂತರೂಪ. ಸಂದಾಯವೂ ಆ ಧಾತುವಿನ ಕಡೆಯದೇ. ಅದಕ್ಕೂ ಬಾಗಿಲ ಸಂದಿಗೂ ಸಂಬಂಧವಿಲ್ಲ.

ಇನ್ನು ಅರ್ಥ. ‘ಸಮ್’ ಎಂಬ ಉಪಸರ್ಗಪೂರ್ವಕವಾದ ‘ಧಾ’ ಧಾತುವಿಗೆ ಕಿ ಪ್ರತ್ಯಯವು ಸೇರಿ ಸಂಧಿ ಶಬ್ದವು ಸಿದ್ಧವಾಗುತ್ತದೆ. ಒಟ್ಟಿಗೆ ಇಡುವುದು ಎಂಬುದು ಅದರ ಮೂಲಾರ್ಥ. ಶಾಸ್ತ್ರಕಾರರೆಲ್ಲರೂ ಈ ಮಾತನ್ನು ತಮ್ಮ ತಮ್ಮ ಮನೆಗೆ ಕರೆದೊಯ್ದಿದ್ದಾರೆ. ವೈಯಾಕರಣನಿಗೆ ಅದು ವರ್ಣಗಳ ಕೂಟ. ವೈದ್ಯನಿಗೆ ಎಲುಬುಗಳ ಕೂಟ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಕೈಕಾಲುಗಳಲ್ಲಿ 68, ಮುಂಡದಲ್ಲಿ 59, ಕತ್ತಿನಿಂದ ಮೇಲೆ 83, ಒಟ್ಟು 210 ಸಂಧಿಗಳನ್ನು ಎಣಿಸಿದೆ. ನಾಟ್ಯಶಾಸ್ತ್ರಜ್ಞನಿಗೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳು ಕಥಾಶರೀರದ ಕೀಲುಗಳು. ರಾಜನೀತಿಜ್ಞನಿಗೆ ಸಂಧಿಯು ಷಾಡ್ಗುಣ್ಯದಲ್ಲಿ ಮೊದಲನೆಯ ಗುಣ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ‘ಅರ್ಥಶಾಸ್ತ್ರ’ವು ಅದನ್ನು ಕರಾರಿನಿಂದ ಕಟ್ಟಿದ ಒಡಂಬಡಿಕೆಯೆಂದು ನಿರೂಪಿಸುತ್ತದೆ. ಕವಿಗಳೂ ಹಿಂದುಳಿಯಲಿಲ್ಲ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ, ಎಂದರೆ ಮಳಖೇಡದಲ್ಲಿ, ಪುಷ್ಪದಂತನು 959ರಲ್ಲಿ ತೊಡಗಿ 965ರಲ್ಲಿ ಮುಗಿಸಿದ ಅಪಭ್ರಂಶ ಭಾಷೆಯ ‘ಮಹಾಪುರಾಣ’ವು 102 ಸಂಧಿಗಳಾಗಿ ವಿಭಕ್ತವಾಗಿದೆ. ಕುಮಾರವ್ಯಾಸನ ಭಾರತವು ಪರ್ವಗಳಾಗಿಯೂ ಆ ಪರ್ವಗಳು ಸಂಧಿಗಳಾಗಿಯೂ ಒಡೆದಿರುವುದನ್ನು ಕನ್ನಡಿಗರೆಲ್ಲರೂ ಬಲ್ಲರು. ಪರ್ವವೆಂದರೂ ಬಿದಿರಿನ ಗಿಣ್ಣು, ಸಂಧಿಯೆಂದರೂ ಗಿಣ್ಣು. ‘ಒಡೆದಿರುವುದು’ ಎಂಬ ಮಾತು ಇಲ್ಲಿ ತಾನಾಗಿಯೇ ಬಂದುದನ್ನು ವಾಚಕರು ಗಮನಿಸಬೇಕು. ಕೂಡಿಸುವ ಹೆಸರುಳ್ಳ ಸಂಧಿಯೇ ಕಾವ್ಯವನ್ನು ಭಾಗಭಾಗವಾಗಿ ವಿಂಗಡಿಸುವ ಗೆರೆಯೂ ಆಗಿದೆ.

ಹಾಗಾದರೆ ಕೂಡುವಿಕೆಯು ಬಿರುಕಾದುದು ಕನ್ನಡಿಗರ ಬಾಯಲ್ಲಿಯೋ? ಅಲ್ಲ. ಸಂಸ್ಕೃತದಲ್ಲಿಯೇ ಆ ಪರಿಣಾಮವು ಆಗಿಹೋಗಿತ್ತು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣನು ತಾನೊಲಿದ ದಾಸಿಯನ್ನು ಬಿಡಿಸಿಕೊಳ್ಳುವುದಕ್ಕಾಗಿ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಆ ಕನ್ನಕ್ಕೆ ಅಲ್ಲಿ ಇರುವ ಹೆಸರು ಸಂಧಿ. ಕಳ್ಳನಾದರೂ ಅವನು ಶಾಸ್ತ್ರಜ್ಞ. ಗೋಡೆಯ ಯಾವ ಭಾಗವು ಸಡಿಲವಾಗಿದೆಯೆಂದು ಕೈಯಾಡಿಸಿ ಹುಡುಕುತ್ತಾನೆ; ನಿತ್ಯವೂ ಸೂರ್ಯನಿಗೆ ಅರ್ಘ್ಯದ ನೀರು ಬಿದ್ದು ಸವುಳು ಹಿಡಿದು ಸವೆದ, ಇಲಿಗಳು ಮಣ್ಣು ತೋಡಿ ಹಾಕಿದ ಜಾಗವನ್ನು ಕಂಡು ಸಂತೋಷಪಡುತ್ತಾನೆ. ಸುಟ್ಟ ಇಟ್ಟಿಗೆಯ ಗೋಡೆಯಾದರೆ ಇಟ್ಟಿಗೆಗಳನ್ನು ಎಳೆದು ತೆಗೆಯಬೇಕು, ಹಸಿಯ ಇಟ್ಟಿಗೆಯಾದರೆ ಕೊಯ್ಯಬೇಕು, ಮಣ್ಣುಹೆಂಟೆಯ ಗೋಡೆಯಾದರೆ ನೀರು ಹಾಕಿ ನೆನೆಸಬೇಕು, ಮರದ್ದಾದರೆ ಸೀಳಬೇಕು ಎಂದು ತನ್ನ ಶಾಸ್ತ್ರದ ನಾಲ್ಕು ಉಪಾಯಗಳನ್ನು ಸ್ಮರಿಸುತ್ತಾನೆ. ಅರಳಿದ ತಾವರೆ, ಸೂರ್ಯ, ಬಾಲಚಂದ್ರ, ಬಾವಿ, ಸ್ವಸ್ತಿಕ, ಪೂರ್ಣಕುಂಭ ಮೊದಲಾದ ಆಕಾರಗಳಲ್ಲಿ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಒಪ್ಪುವುದೆಂದು ನಿಶ್ಚಯಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದಿರುವುದರಿಂದ ಯಜ್ಞೋಪವೀತವನ್ನೇ ದಾರವಾಗಿ ಹಿಡಿದು ಅಳೆಯುತ್ತಾನೆ. ಪ್ರೇಕ್ಷಕರು ನಗುವುದಕ್ಕಾಗಿ ಕವಿಯು ಕಲ್ಪಿಸಿದ ಸನ್ನಿವೇಶವೇನೋ ನಿಜ. ಆದರೆ ಶಬ್ದದ ಚರಿತ್ರೆಗೆ ಇದು ಅಮೂಲ್ಯವಾದ ಸಾಕ್ಷ್ಯ. ಕಾವ್ಯದ ಮಾತು ಸಾಲದೆಂಬವರು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವನ್ನು ನೋಡಬಹುದು. ಸಂಧಿಯನ್ನು ಒಡೆದು ರಾತ್ರಿ ಕಳವು ಮಾಡುವವರ ಕೈಗಳನ್ನು ಕತ್ತರಿಸಿ ಶೂಲಕ್ಕೇರಿಸಬೇಕೆಂಬ ಉಗ್ರದಂಡವು ಅಲ್ಲಿ ವಿಹಿತವಾಗಿದೆ. ಧರ್ಮಶಾಸ್ತ್ರಕಾರನೂ ನಾಟಕಕಾರನೂ ಬಳಸಿದ ಅರ್ಥವನ್ನು ಕನ್ನಡದ ಗೃಹಿಣಿಯು ಬಳಸಿದರೆ ಅದು ಅಪಭ್ರಷ್ಟವೆನ್ನುವುದು ನ್ಯಾಯವಲ್ಲ.

ಈ ಪರಿಣಾಮದ ಕಾರಣವು ಶರ್ವಿಲಕನ ಇಟ್ಟಿಗೆಗಳಲ್ಲಿಯೇ ಇದೆ. ಎರಡು ವಸ್ತುಗಳನ್ನು ಕೂಡಿಸುವ ಕ್ರಿಯೆಯು ಮೊದಲು ಸಂಧಿ. ಬಳಿಕ ಆ ಕ್ರಿಯೆಯು ನಡೆದ ಸ್ಥಳವು ಸಂಧಿ. ಆ ಸ್ಥಳದಲ್ಲಿ ಕಣ್ಣಿಗೆ ಕಾಣುವ ಗೆರೆಯು ಸಂಧಿ. ಗೆರೆಯು ಬಾಯ್ತೆರೆದರೆ ಆ ಬಾಯಿಯೂ ಸಂಧಿ. ಒಂದೊಂದು ಹೆಜ್ಜೆಯೂ ಚಿಕ್ಕದು, ಸಹಜವಾದುದು. ನಾಲ್ಕು ಹೆಜ್ಜೆಗಳನ್ನಿಟ್ಟ ಮೇಲೆ ಹಿಂತಿರುಗಿ ನೋಡಿದಾಗ ಮಾತ್ರ ಹೊರಟ ಊರಿಗೆ ಎದುರು ದಿಕ್ಕಿನಲ್ಲಿ ಬಂದಿರುವೆವೆಂದು ತೋರುತ್ತದೆ. ‘ಮಯಮತ’, ‘ಮಾನಸಾರ’ಗಳೆಂಬ ಶಿಲ್ಪಗ್ರಂಥಗಳಲ್ಲಿ ಸಂಧಿಕರ್ಮಕ್ಕೆ ಬೇರೆಯ ಅಧ್ಯಾಯಗಳೇ ಇವೆ. ಮರಕ್ಕೆ ಮರವನ್ನು ಜೋಡಿಸುವ ವಿಧಾನಗಳನ್ನು ಅಷ್ಟು ಎಚ್ಚರಿಕೆಯಿಂದ ಹೇಳಬೇಕಾದುದು, ಕಟ್ಟಡವು ಕೆಡುವುದಾದರೆ ಮೊದಲು ಅಲ್ಲಿಯೇ ಕೆಡುವುದೆಂಬ ಅನುಭವದಿಂದ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯೇ ಮೊದಲಾದ ಹೊಯ್ಸಳ ಕಟ್ಟಡಗಳಲ್ಲಿ ಕಲ್ಲಿಗೆ ಕಲ್ಲನ್ನು ಗಾರೆಯಿಲ್ಲದೆ ಕೂಡಿಸಿದ್ದಾರೆ. ನಾಡಿನ ಹಳೆಯ ಗುಡಿಗಳನ್ನು ನೋಡಿದವರು, ಹಕ್ಕಿಯು ತಂದ ಅರಳಿಯ ಬೀಜವು ಎಲ್ಲಿ ಬೇರೂರಿದೆಯೆಂದು ಲಕ್ಷ್ಯವಿಟ್ಟು ನೋಡಲಿ. ಅದು ಕಲ್ಲಿನ ಮೈಮೇಲೆ ಬೇರೂರಲಾರದು. ಶಿಲ್ಪಿಯು ಯಾವುದನ್ನು ಸಂಧಿಯೆಂದು ಕರೆದನೋ ಅದನ್ನೇ ಸಂದಿಯೆಂದು ತಿಳಿದು ಬೇರನ್ನು ಇಳಿಸುತ್ತದೆ.

ಜರಾಸಂಧನ ಕಥೆಯೂ ಇದನ್ನೇ ಹೇಳುತ್ತದೆ. ಎರಡು ಹೋಳುಗಳಾಗಿ ಹುಟ್ಟಿದ ಶಿಶುವನ್ನು ಜರೆಯೆಂಬ ರಾಕ್ಷಸಿಯು ಕೂಡಿಸಿದಳು. ಆದಕಾರಣ ಅವನು ಜರಾಸಂಧನಾದನು. ಭಾಗವತದ ದಶಮಸ್ಕಂಧದ ಪ್ರಕಾರ, ಭೀಮನು ಗೆಲ್ಲಲಾರದೆ ಬಳಲಿದಾಗ ಶ್ರೀಕೃಷ್ಣನು ಒಂದು ಕಡ್ಡಿಯನ್ನು ಸೀಳಿ ಸನ್ನೆ ಮಾಡಿದನು. ಭೀಮನು ಆ ಮಹಾಬಲನನ್ನು ಎರಡಾಗಿ ಸೀಳಿದನು. ಹೆಸರಿನಲ್ಲಿಯೇ ಸಂಧಿಯನ್ನು ಹೊತ್ತವನ ಮರಣವು ಆ ಸಂಧಿಯಲ್ಲಿಯೇ ಇತ್ತು.

ನೆರೆಯ ಭಾಷೆಗಳನ್ನು ವಿಚಾರಿಸಿದರೆ ಈ ನಿರ್ಣಯವು ಇನ್ನಷ್ಟು ದೃಢವಾಗುತ್ತದೆ. ಹಿಂದಿಯಲ್ಲಿ ಕಳ್ಳನು ಕೊರೆಯುವ ಕನ್ನಕ್ಕೆ ‘ಸೇಂಧ್’ ಎನ್ನುತ್ತಾರೆ. ಅದು ಸಂಧಿಯ ನೇರ ಸಂತಾನ. ಮರಾಠಿಯಲ್ಲಿ ‘ಸಾಂಧಾ’ ಎಂದರೆ ಕೀಲು. ‘ಸಾಂದಿ’ ಎಂದರೆ ಇಕ್ಕಟ್ಟಾದ ಎಡೆ. ‘ಸಂಧಿ’ ಎಂದರೆ ಅನುಕೂಲವಾದ ಅವಕಾಶ. ಕಾಲದ ಗೋಡೆಯಲ್ಲಿ ತೆರೆದ ಸಂದೇ ಅವಕಾಶವಲ್ಲವೆ? ಕನ್ನಡದಲ್ಲಿಯೂ ‘ಸಂದು ನೋಡಿ ಮಾತಾಡಿದ’ ಎನ್ನುವುದುಂಟು. ಬೇರೊಂದು ಕೆಲಸದ ನಡುವೆ ಸಿಕ್ಕಿದ ಬಿಡುವಿನಲ್ಲಿ ತನ್ನ ಕಾರ್ಯವನ್ನು ಸಾಧಿಸಿಕೊಂಡವನನ್ನು ಕಂಡು ‘ಸಂದಿಯಲ್ಲಿ ಸಮಾರಾಧನೆ’ ಎಂದು ನಗುವುದೂ ಉಂಟು. ತಮಿಳಿನಲ್ಲಿ ‘ಸಂದಿ’ಯೆಂದರೆ ಬೀದಿಗಳು ಕೂಡುವ ಸ್ಥಳ, ‘ಸಂದು’ ಎಂದರೆ ಓಣಿ. ಕೂಡುವಿಕೆಯನ್ನೂ ಇಕ್ಕಟ್ಟನ್ನೂ ಆ ಭಾಷೆಯು ಎರಡು ರೂಪಗಳಿಗೆ ಹಂಚಿಕೊಟ್ಟಿದೆ. ಕನ್ನಡವು ಹಾಗೆ ಹಂಚಲಿಲ್ಲ. ‘ಬೆರಳ ಸಂದಿ’, ‘ಹಲ್ಲಿನ ಸಂದು’, ‘ಎರಡು ಮನೆಗಳ ನಡುವಣ ಸಂದಿ’ ಎಂಬಲ್ಲೆಲ್ಲ ಎಡೆಯೆಂಬ ಅರ್ಥವು ಮುಂದಾದರೆ, ‘ಸಂದುನೋವು’ ಎಂಬಲ್ಲಿ ಸುಶ್ರುತನು ಎಣಿಸಿದ ಕೀಲಿನ ಅರ್ಥವೇ ಇಂದಿಗೂ ಉಳಿದಿದೆ. ಮುದುಕರ ಮೊಣಕಾಲು ಮಾತಿನ ಮೂಲಾರ್ಥವನ್ನು ಮರೆಯಗೊಟ್ಟಿಲ್ಲ.

‘ಸಂದಿಗೊಂದಿ’ ಎಂಬ ಜೋಡುಮಾತಿನಲ್ಲಿರುವ ಗೊಂದಿಯ ವಿಚಾರವೂ ಸ್ವಾರಸ್ಯವಾದುದು. ಇದನ್ನು ಕೇವಲ ಅನುಕರಣಶಬ್ದವೆಂದು ತಿಳಿಯುವುದು ತಪ್ಪು. ಕನ್ನಡದಲ್ಲಿ ಅಂಥ ಅನುಕರಣಗಳು ಗಿಕಾರದಿಂದ ಮೊದಲಾಗತಕ್ಕವು: ಹಣಗಿಣ, ಮರಗಿರ, ಮನೆಗಿನೆ. ಆ ಕ್ರಮದಲ್ಲಿ ‘ಸಂದಿಗಿಂದಿ’ ಎಂದಾಗಬೇಕಿತ್ತು. ಹಾಗಾಗದೆ ಗೊಂದಿಯಾಗಿರುವುದರಿಂದ ಅದು ಸ್ವತಂತ್ರವಾದ ಶಬ್ದವೆಂದು ಸ್ಪಷ್ಟವಾಗುತ್ತದೆ. ಇಕ್ಕಟ್ಟಾದ ದಾರಿ, ಮೂಲೆ ಎಂಬುದು ಅದರ ಅರ್ಥ. ತೆಲುಗಿನಲ್ಲಿಯೂ ಗೊಂದಿಯೆಂಬ ಮಾತಿದೆ; ‘ಸಂದುಗೊಂದುಲು’ ಎಂಬ ಜೋಡಿಯೂ ಇದೆ. ತಮಿಳರು ಸಂದಿನ ಜೊತೆಗೆ ಪೊಟರೆ, ತೂತು ಎಂಬರ್ಥದ ತಮ್ಮ ಮಾತನ್ನು ಸೇರಿಸಿ ‘ಸಂದು ಪೊಂದು’ ಎನ್ನುತ್ತಾರೆ. ಮರಾಠಿಯವರು ಮೂಲೆಯೆಂಬರ್ಥದ ಮಾತನ್ನು ಸೇರಿಸಿ ‘ಸಾಂದಿಕೋಪರಾ’ ಎನ್ನುತ್ತಾರೆ. ಸಂಧಿಯ ಸಂತಾನವು ಯಾವ ನಾಡಿಗೆ ಹೋದರೂ ಆ ನಾಡಿನ ಮಾತೊಂದರ ಕೈಹಿಡಿದು ಸಂಸಾರ ಹೂಡಿರುವುದು ಇದರಿಂದ ಕಾಣುತ್ತದೆ.

ಗೊಂದಿಗೆ ಸ್ಥಳನಾಮದ ಸಾಕ್ಷ್ಯವೂ ಉಂಟು. ತುಂಗಭದ್ರೆಯ ಉತ್ತರದ ದಡದಲ್ಲಿ, ಹಂಪೆಗೆ ಎದುರಾಗಿ, ಬಂಡೆಗಳ ನಡುವೆ ನೆಲಸಿರುವ ಆನೆಗೊಂದಿಯ ಹೆಸರನ್ನು ಆನೆಗುಂದಿಯೆಂದೂ ಬರೆಯುತ್ತಾರೆ. ಗುಂಡಿಯೋ ಗೊಂದಿಯೋ ಎಂಬ ಸಂದೇಹವು ಬಂದಾಗ, ಆ ಊರನ್ನು ವಿಜಯನಗರದ ಕಾಲದ ಸಂಸ್ಕೃತಜ್ಞರು ಕುಂಜರಕೋಣವೆಂದು ಭಾಷಾಂತರಿಸಿಕೊಂಡಿದ್ದುದನ್ನು ನೆನೆಯಬೇಕು. ಕುಂಜರವು ಆನೆ, ಕೋಣವು ಮೂಲೆ. ಭಾಷಾಂತರಿಸಿದವರ ಕಿವಿಗೆ ಆ ಹೆಸರಿನಲ್ಲಿ ಕೇಳಿಸಿದ್ದು ಹಳ್ಳವಲ್ಲ, ಮೂಲೆ.

ಇಲ್ಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸುವುದು ಉಚಿತ. ಬಿರುಕು, ಸಂದಿ ಎಂಬೆರಡನ್ನೂ ಈಚೆಗೆ ಒಂದರ ಬದಲು ಒಂದನ್ನು ಬಳಸುವುದು ಕಾಣುತ್ತಿದೆ. ಬಿರುಕು ದೇಶ್ಯಶಬ್ದ, ಬಿರಿ ಎಂಬ ಧಾತುವಿನಿಂದ ಬಂದುದು. ತಮಿಳಿನ ವೇರ್, ವಿಲ್, ವೆಳ್ಳಿಗಳು ಕನ್ನಡದಲ್ಲಿ ಬೇರು, ಬಿಲ್ಲು, ಬೆಳ್ಳಿಗಳಾಗಿ ಇರುವಂತೆ, ತಮಿಳಿನ ವಿರಿಯೇ ಕನ್ನಡದ ಬಿರಿ. ಬೇಸಗೆಯಲ್ಲಿ ನೆಲವು ಬಿರಿಯುತ್ತದೆ, ಸಂಜೆಯಲ್ಲಿ ಮಲ್ಲಿಗೆಯೂ ಬಿರಿಯುತ್ತದೆ. ಒಂದೇ ವಸ್ತುವು ಒಳಗಿನ ಒತ್ತಡದಿಂದ ತಾನೇ ತೆರೆದುಕೊಳ್ಳುವುದು ಈ ಧಾತುವಿನ ಭಾವ. ಆದರೆ ಮುರಿಯಿಂದ ಮುರುಕು, ಹರಿಯಿಂದ ಹರುಕು, ಒಡೆಯಿಂದ ಒಡಕು ಆದಂತೆ ಬಿರಿಯಿಂದ ಬಿರುಕು ಆದಾಗ ಹೂವಿನ ಪಾಲು ಬಿಟ್ಟುಹೋಗಿ ನೆಲದ ಪಾಲು ಮಾತ್ರ ಉಳಿಯಿತು. ಹೂವಿಗೆ ಬಿರಿವು ಉಂಟು, ಬಿರುಕಿಲ್ಲ. ಆದ್ದರಿಂದ ಬಿರುಕು ಒಂದೇ ವಸ್ತುವಿನ ಗಾಯ. ಸಂದಿಯು ಎರಡು ವಸ್ತುಗಳ ನಡುವಣ ಸ್ಥಿತಿ. ಗೋಡೆಯ ಬಿರುಕನ್ನು ಕಂಡು ಗೃಹಸ್ಥನು ಚಿಂತಿಸಬೇಕಾದುದೇ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಕೂದಲೆಳೆಯ ಸಂದನ್ನು ಬಡಗಿಯು ಬುದ್ಧಿಪೂರ್ವಕವಾಗಿಯೇ ಬಿಡುತ್ತಾನೆ. ಬಿಡದಿದ್ದರೆ ಮಳೆಗಾಲದಲ್ಲಿ ಮರವು ಉಬ್ಬಿ ಬಾಗಿಲು ಹಾಕಲೂ ಬಾರದು, ತೆಗೆಯಲೂ ಬಾರದು.

ಶಬ್ದದ ಈ ಎರಡು ಮುಖಗಳು ರಾಜ್ಯಗಳ ಚರಿತ್ರೆಯಲ್ಲಿಯೂ ಎದುರುಬದುರಾಗಿ ನಿಂತಿವೆ. ಕನ್ನಡ ನಾಡಿನ ಶಾಸನಗಳಲ್ಲಿ ಸಂಧಿವಿಗ್ರಹಿಯೆಂಬ ಅಧಿಕಾರಿಯು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಕೂಡಿಸುವ ಸಂಧಿಗೂ ಕದನವಾದ ವಿಗ್ರಹಕ್ಕೂ ಇಬ್ಬರು ಮಂತ್ರಿಗಳನ್ನು ನೇಮಿಸದೆ, ಎರಡನ್ನೂ ಒಬ್ಬನ ಕೈಗೆ ಒಪ್ಪಿಸಿದ ಹಿರಿಯರು ವಿವೇಕಿಗಳು. ಮೈಸೂರಿನ ಚರಿತ್ರೆಯು ಇದಕ್ಕೆ ಭಾಷ್ಯದಂತಿದೆ. 1769ರಲ್ಲಿ ಹೈದರಾಲಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮದರಾಸಿನಲ್ಲಿ ಸಂಧಿಯಾಯಿತು. ಒಬ್ಬರ ಮೇಲೆ ಶತ್ರುವು ಬಿದ್ದರೆ ಇನ್ನೊಬ್ಬರು ನೆರವಾಗಬೇಕೆಂಬುದು ಅದರ ಮುಖ್ಯವಾದ ಬೆಸುಗೆ. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿಯವರು ನೆರವಾಗಲಿಲ್ಲ. ಬೆಸೆದ ಸ್ಥಳವೇ ಬಾಯ್ತೆರೆಯಿತು. 1780ರಲ್ಲಿ ಹೈದರನು ಕರ್ನಾಟಕ ಪ್ರಾಂತದ ಮೇಲೆ, ಎಂದರೆ ಆರ್ಕಾಟಿನ ನವಾಬನ ಸೀಮೆಯ ಮೇಲೆ, ದಂಡೆತ್ತಿ ಹೋದನು. 1784ರ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಆದ ಸಂಧಿಯಲ್ಲಿ ಗೆದ್ದ ನೆಲವನ್ನು ಪರಸ್ಪರ ಹಿಂದಕ್ಕೆ ಕೊಟ್ಟುಕೊಂಡರು; ಆರು ವರ್ಷಗಳು ಕಳೆಯುವುದರೊಳಗೆ ಮತ್ತೆ ಯುದ್ಧ. 1792ರ ಮಾರ್ಚಿಯ ಶ್ರೀರಂಗಪಟ್ಟಣದ ಸಂಧಿಯು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡವನ್ನೂ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಬಾಲಕರನ್ನೂ ತೆಗೆದುಕೊಂಡಿತು. ಅದೂ ಏಳು ವರ್ಷ ಮಾತ್ರ ನಿಂತು, 1799ರ ಮೇ 4ರಂದು ಕೋಟೆಯ ಗೋಡೆಯಲ್ಲಿ ಫಿರಂಗಿಗಳು ಮಾಡಿದ ಸಂದಿಯ ಮೂಲಕ ಸೈನ್ಯವು ಒಳನುಗ್ಗುವುದರೊಡನೆ ಮುಗಿಯಿತು. ಮೂವತ್ತು ವರ್ಷಗಳಲ್ಲಿ ಮೂರು ಸಂಧಿಗಳು. ಮೂರೂ ಕೂಡಿಸಿದ ಗೆರೆಯಲ್ಲಿಯೇ ಬಿಟ್ಟುಕೊಂಡವು.

ಇದರಿಂದ ಸಂಧಿಯೇ ನಿಷ್ಫಲವೆಂದು ತಿಳಿಯಬಾರದು. ಅಂಗಗಳು ಬಾಗುವುದು ಸಂಧಿಯಿಂದಲೇ. ಕೀಲಿಲ್ಲದ ಕಾಲು ಕಂಬವಾದೀತೇ ಹೊರತು ನಡೆಯಲಾರದು. ವ್ಯಾಕರಣದಲ್ಲಿಯೂ ಹೀಗೆಯೇ. ಸ್ವರದ ಮುಂದೆ ಸ್ವರವು ಬಂದು ಕೂಡದೆ ನಿಂತರೆ ಆ ಎಡೆಯನ್ನು ಪ್ರಾತಿಶಾಖ್ಯಕಾರರು ವಿವೃತ್ತಿಯೆಂದು, ಎಂದರೆ ತೆರಪು ಎಂದು, ಕರೆದರು. ಕೂಡಬೇಕಾದಲ್ಲಿ ಕೂಡದ ವಿಸಂಧಿಯನ್ನು ದಂಡಿಯು ಕಾವ್ಯದೋಷಗಳಲ್ಲಿ ಎಣಿಸಿದನು. ‘ಮನೆ ಅನ್ನು’ ಎಂಬಲ್ಲಿ ತೆರೆದಿರುವ ಸಂದಿನೊಳಗೆ ಯಕಾರವು ಬಂದು ಕುಳಿತು ‘ಮನೆಯನ್ನು’ ಎಂದಾಗುವುದೇ ಆಗಮಸಂಧಿ. ಸಂದಿಯಿದ್ದುದರಿಂದ ಸಂಧಿಯ ಅವಶ್ಯಕತೆಯುಂಟಾಯಿತು.

ಉಪಾಧ್ಯಾಯರು ಸಂಧಿಪ್ರಕರಣವನ್ನು ಆರಂಭಿಸುವ ದಿನ ಲೋಪಾಗಮಾದೇಶಗಳ ಲಕ್ಷಣವನ್ನು ಬಾಯಿಪಾಠ ಮಾಡಿಸುವ ಮೊದಲು, ತರಗತಿಯ ಬಾಗಿಲನ್ನು ಮುಚ್ಚಿ, ಅದರ ಎರಡು ಕದಗಳು ಎಲ್ಲಿ ಕೂಡುತ್ತವೆಂದು ಕೇಳಿದರೆ ಬಾಲಕರು ತಪ್ಪದೆ ಬೆರಳು ಮಾಡಿ ತೋರಿಸುವರು. ಹೊರಗಿನ ಬೆಳಕು ಎಲ್ಲಿಂದ ಒಳಗೆ ಬರುತ್ತದೆಂದು ಮತ್ತೆ ಕೇಳಿದರೆ, ಬೆರಳನ್ನು ಕದಲಿಸಬೇಕಾಗುವುದಿಲ್ಲ.